ಕೆಲಸದ ವಾಸನೆ

ತಮ್ಮ ಸತ್ತ ಹತ್ತೊಂಬತ್ತನೆಯ ದಿನ ದೊಡ್ಡ ಮೇಸ್ತ್ರಿ ಬ್ರಾಂದಿ ಅಂಗಡಿಗೆ ಹೋದ. ಐವತ್ತಾರು ವರ್ಷ ಬದುಕಿದ್ದರಲ್ಲಿ ಆ ಮೆಟ್ಟಿಲು ತುಳಿದದ್ದು ಅದೇ ಮೊದಲು. ಹಗಲು ಹನ್ನೊಂದು ಗಂಟೆ. ಒಳಗೆ ಇಬ್ಬರು ಒಬ್ಬರ ಮುಖ ಒಬ್ಬರು ನೋಡದೆ ಕುಳಿತಿದ್ದರು. ಗಲ್ಲಾಪೆಟ್ಟಿಗೆಯ ಹಿಂದೆ ಒಬ್ಬ ದಪ್ಪ ಮನುಷ್ಯ ಕಿವಿಗೆ ಕಡ್ಡಿ ಹಾಕಿಕೊಂಡು ಪೇಪರ್ ಓದುತ್ತಿದ್ದ.

"ಏನು ಕೊಡ್ಲಿ ಯಜಮಾನ್ರೇ?"

"ಏನೂ ಬೇಡ. ಈ ಕುಡಿಯೋದು ಬಿಡೋರ ಮೀಟಿಂಗ್ ಎಲ್ಲಿ ನಡೆಯುತ್ತೆ, ಗೊತ್ತಾ?"

ದಪ್ಪನೆಯವನು ಕಿವಿಯಿಂದ ಕಡ್ಡಿ ತೆಗೆದ. "ಕಟುಕನ ಅಂಗಡಿಗೆ ಬಂದು ಮೇಕೆ ಸಾಕೋದು ಹೇಗೆ ಅಂತ ಕೇಳಿದ ಹಾಗಾಯ್ತಲ್ಲ ನಿಮ್ಮ ಕಥೆ."

"ತಮಾಷೆ ಬೇಡ. ಗೊತ್ತಿದ್ರೆ ಹೇಳು, ಇಲ್ದಿದ್ರೆ ಇಲ್ಲ ಅನ್ನು."

"ಗೊತ್ತಿಲ್ಲದೆ ಏನು? ನನ್ನ ಹಳೇ ಗಿರಾಕಿಗಳು ಎಂಟು ಹತ್ತು ಜನ ಅಲ್ಲೇ ಹೋಗಿ ಸೇರ್ಕೊಂಡಿದ್ದಾರೆ. ಹಿಂದಿನ ಬೀದೀಲಿ ಸೈಕಲ್ ಅಂಗಡಿ ಇದೆಯಲ್ಲ, ಅದರ ಮಹಡಿ ಮೇಲೆ. ಮಂಗಳವಾರ, ಶುಕ್ರವಾರ, ಸಂಜೆ ಐದೂವರೆ. ಇವತ್ತು ಗುರುವಾರ, ಹೋದ್ರೆ ಬೀಗ ಇರುತ್ತೆ. ಯಾರಿಗೆ, ನಿಮಗಾ?"

"ನನ್ನ ತಮ್ಮನಿಗೆ."

"ಕರ್ಕೊಂಡು ಹೋಗಿ, ಹೋಗಿ. ನನ್ನ ವ್ಯಾಪಾರ ಹಾಳಾದ್ರೂ ಪರವಾಗಿಲ್ಲ, ಒಂದು ಮನೆ ಉಳಿಯುತ್ತೆ."

ದೊಡ್ಡ ಮೇಸ್ತ್ರಿ ಮೆಟ್ಟಿಲು ಇಳಿದು ಬಂದ. ಅಲ್ಲಿಗೆ ಬರುವ ಮೊದಲು ಆಸ್ಪತ್ರೆಯಲ್ಲಿ ಕೇಳಿ ನೋಡಿದ್ದ. ಅಲ್ಲಿ ಚೀಟಿ ಬರೆಯುವವಳು ತಲೆ ಎತ್ತದೆ, "ಹೆಸರು ಹೇಳಿ, ಎಷ್ಟು ವರ್ಷದಿಂದ ಕುಡೀತಿದೀರಿ?" ಅಂದಿದ್ದಳು. ಅವನು ಕೆಂಡವಾಗಿ, ಅವಳ ಮೇಜು ಕುಟ್ಟಿ ಹೊರಗೆ ಬಂದಿದ್ದ. ಕೋಪ ಅವನಿಗೆ ಮೂಗಿನ ತುದಿಯಲ್ಲೇ. ಆ ಮೂಗಿನ ಮಾತೇ ಈ ಕಥೆ ಕೂಡ.

ಅಣ್ಣ ತಮ್ಮ ಇಬ್ಬರದ್ದೂ ಒಂದೇ ಅಂಗಡಿ. ಅಣ್ಣ ಬಡಗಿ, ತಮ್ಮ ಪಾಲಿಶ್ ಕೆಲಸದವನು. ಒಬ್ಬ ಮೇಜು ಮಾಡಿ ನಿಲ್ಲಿಸಿದರೆ ಇನ್ನೊಬ್ಬ ಅದಕ್ಕೆ ಜೀವ ಬರಿಸುತ್ತಿದ್ದ. ಜನ ಅವರನ್ನು ದೊಡ್ಡ ಮೇಸ್ತ್ರಿ, ಸಣ್ಣ ಮೇಸ್ತ್ರಿ ಅಂತ ಕರೆದು ಕರೆದು ಅವರ ಹೆಸರನ್ನೇ ಮರೆತಿದ್ದರು. ಒಳ್ಳೆಯ ಪಾಲಿಶ್ ಅಂದರೆ ಅರಗನ್ನು ಸ್ಪಿರಿಟ್‌ನಲ್ಲಿ ಕರಗಿಸಿ, ಹತ್ತಿಯ ಉಂಡೆಯನ್ನು ತೆಳು ಬಟ್ಟೆಯಲ್ಲಿ ಸುತ್ತಿ, ಅದ್ದಿ ಅದ್ದಿ ಮರದ ಮೇಲೆ ಸುತ್ತು ಸುತ್ತಾಗಿ ಎಳೆಯುವುದು. ಇಪ್ಪತ್ತು ಕೈ, ಮೂವತ್ತು ಕೈ. ಸಣ್ಣ ಮೇಸ್ತ್ರಿ ಎಳೆದ ಹಲಗೆಯಲ್ಲಿ ಮುಖ ನೋಡಿಕೊಂಡು ಗಡ್ಡ ಕೆರೆಯಬಹುದಿತ್ತು.

ಆ ಸ್ಪಿರಿಟ್ ಡಬ್ಬವೇ ಅವನನ್ನು ತಿಂದದ್ದು. ಮೊದಮೊದಲು ಸಂಜೆ ಬ್ರಾಂದಿ ಅಂಗಡಿಯಿಂದ ತಂದು ಕುಡಿಯುತ್ತಿದ್ದ. ಆಮೇಲೆ ಅಷ್ಟು ದೂರ ಹೋಗುವ ಪುರುಸೊತ್ತೂ ಇರಲಿಲ್ಲ. ಕೈಗೆಟಕುವಲ್ಲೇ ಡಬ್ಬ ಇತ್ತು. ಅಣ್ಣ ಮೂಸಿ ನೋಡಿ, "ಏನೋ ಇದು ವಾಸನೆ?" ಅಂದರೆ ಅವನದು ಒಂದೇ ಉತ್ತರ. "ಕೆಲಸದ ವಾಸನೆ ಅಣ್ಣಾ." ಹೆಂಡತಿ ಕೇಳಿದರೂ ಅದೇ. ಇಪ್ಪತ್ತು ವರ್ಷ ಅದೇ ಮಾತು. ಹೌದು ಅನ್ನುವ ಹಾಗಿಲ್ಲ, ಅಲ್ಲ ಅನ್ನುವ ಹಾಗಿಲ್ಲ. ಪಾಲಿಶ್ ಮಾಡುವವನ ಮೈಯಲ್ಲಿ ಸ್ಪಿರಿಟ್ ವಾಸನೆ ಇಲ್ಲದೆ ಮಲ್ಲಿಗೆ ವಾಸನೆ ಬರುತ್ತದೆಯೇ?

ದೊಡ್ಡ ಮೇಸ್ತ್ರಿಯ ಮೂಗು ಬೇರೆ ಸಾಮಾನ್ಯದ್ದಲ್ಲ. ಕಣ್ಣು ಕಟ್ಟಿ ಒಂದು ಚಿಟಿಕೆ ಮರದ ಹೊಟ್ಟು ಮೂಗಿಗೆ ಹಿಡಿದರೆ, ಇದು ತೇಗ, ಇದು ಬೇವು, ಇದು ತೇಗ ಅಂತ ನಿನ್ನ ತಲೆಗೆ ಕಟ್ಟಿದ ಸುಳ್ಳು ಅಂತ ಹೇಳಿಬಿಡುತ್ತಿದ್ದ. ಅಂಥ ಮೂಗಿಗೂ ತಮ್ಮನ ಮೈಯ ಸ್ಪಿರಿಟ್ ಹೊರಗಿನದೋ ಒಳಗಿನದೋ ಗೊತ್ತಾಗುತ್ತಿರಲಿಲ್ಲ. ಅದು ಅವನಿಗೆ ಅವಮಾನವೇ ಆಗಿತ್ತು.

ಹೀಗಿರುವಾಗ ಒಂದು ದಿನ ತಮ್ಮ ಬಂದು, "ಅಣ್ಣಾ, ಸ್ಪಿರಿಟ್ ಡಬ್ಬ ಅಂಗಡೀಲಿ ಇರಬಾರದು. ಇನ್ನು ಎಣ್ಣೆ ಪಾಲಿಶ್ ಮಾಡ್ತೀನಿ" ಅಂದ. ಮುಖ ಬಿಳಿಚಿಕೊಂಡಿತ್ತು, ಕೈ ನಡುಗುತ್ತಿತ್ತು. ಎಲ್ಲೋ ಮೀಟಿಂಗಿಗೆ ಹೋಗಿದ್ದನಂತೆ. ಹೆಂಡತಿಯೇ ಯಾರನ್ನೋ ಕೇಳಿ ಕಳಿಸಿದ್ದಳಂತೆ.

"ಎಣ್ಣೇಲಿ ಆ ಹೊಳಪು ಬರುತ್ತೇನೋ?"

"ಬರಲ್ಲ. ಆದ್ರೆ ನಾನು ಬದುಕ್ತೀನಿ."

ಅಣ್ಣ ಗೊಣಗಿಕೊಂಡೇ ಡಬ್ಬಗಳನ್ನು ಹೊರಗೆ ಸಾಗಿಸಿದ. ಅಷ್ಟು ಮಟ್ಟಿಗೆ ಅವನು ಒಳ್ಳೆಯವನೇ. ಆದರೆ ನಾಲಿಗೆಗೆ ಬಿಡುವು ಕೊಟ್ಟವನಲ್ಲ. "ಕುಡಿಯದೇ ಇರೋದಕ್ಕೆ ಮೀಟಿಂಗ್ ಬೇಕೇನೋ? ಮನೇಲಿ ಕೂತ್ಕೊಂಡು ಕುಡೀದೇ ಇರು! ನಾನು ಐವತ್ತು ವರ್ಷದಿಂದ ಕುಡಿದಿಲ್ಲ, ನನಗೆ ಯಾವ ಮೀಟಿಂಗ್ ಮಾಡಿದ್ರು?" ಅನ್ನುತ್ತಿದ್ದ. ತಮ್ಮ ನಗುತ್ತಿದ್ದ. "ಅಲ್ಲಿ ಏನು ಮಾಡ್ತೀರಿ? ಯಾರ್‍ಯಾರು ಬರ್ತಾರೆ?" ಅಂದರೆ, "ಅದನ್ನ ಹೊರಗೆ ಹೇಳೋ ಹಾಗಿಲ್ಲ ಅಣ್ಣಾ" ಅನ್ನುತ್ತಿದ್ದ. "ಏನು, ಕಳ್ಳರ ಗುಂಪಾ ಅದು?" ಅಂದರೂ ಅಷ್ಟೇ, ನಗು.

ನಲವತ್ತಮೂರು ದಿನ ಹೀಗೆ ನಡೆಯಿತು. ತಮ್ಮನ ಕೈಯ ನಡುಕ ನಿಂತಿತು, ಊಟ ಸೇರತೊಡಗಿತು. ಒಂದು ಸಲ ಕೆಲಸ ಮಾಡುತ್ತಾ ಶಿಳ್ಳೆ ಹಾಕಿದ. ಅಣ್ಣ ಗರಗಸ ನಿಲ್ಲಿಸಿ ಕೇಳಿಸಿಕೊಂಡ, ಆದರೆ ಏನೂ ಅನ್ನಲಿಲ್ಲ. ಅಂದುಬಿಟ್ಟರೆ ಎಲ್ಲಿ ಕೆಡುವುದೋ ಅಂತ.

ನಲವತ್ತಮೂರನೆಯ ದಿನ ಶುಕ್ರವಾರ. ಮರುದಿನ ಬೆಳಿಗ್ಗೆ ಗ್ರಂಥಾಲಯಕ್ಕೆ ಎಂಟು ಮೇಜು ಹೋಗಬೇಕಿತ್ತು. ಕೊನೆಯ ಕೈ ಎಣ್ಣೆ ಬಾಕಿ ಇತ್ತು. ತಮ್ಮ ಮೀಟಿಂಗ್ ಮುಗಿಸಿ ಏಳಕ್ಕೆ ಮೊದಲೇ ಬರುತ್ತೇನೆ ಅಂತ ಹೋದ. ಏಳಾಯಿತು, ಏಳೂವರೆಯಾಯಿತು. ಗ್ರಂಥಾಲಯದವರು ಮೇಜು ನೋಡಲು ಬಂದು, ಕಾದು, ಮುಖ ಗಂಟು ಹಾಕಿಕೊಂಡು ಹೋದರು. ಎಂಟಕ್ಕೆ ತಮ್ಮ ಓಡುತ್ತಾ ಬಂದ. ಅಂಗಿಯ ಮುಂಭಾಗ ಒದ್ದೆ. ಅವನು ಬಾಗಿಲು ದಾಟುವ ಮೊದಲೇ ವಾಸನೆ ದಾಟಿತ್ತು.

"ಎಲ್ಲಿ ಸತ್ತಿದ್ದೆ?"

"ಕೆಲಸ ಬಂತು ಅಣ್ಣಾ, ತಡ ಆಯ್ತು. ಈಗಲೇ ಎಣ್ಣೆ ಹಚ್ಚಿಬಿಡ್ತೀನಿ."

"ಹತ್ತಿರ ಬಾ. ಏನಿದು ವಾಸನೆ?"

ತಮ್ಮ ಅಂಗಿಯ ಮುಂಭಾಗ ನೋಡಿಕೊಂಡ. ಆಮೇಲೆ ಅವನ ಮುಖದಲ್ಲಿ ಒಂದು ಸಣ್ಣ ನಗು ಬಂತು. "ಕೆಲಸದ ವಾಸನೆ ಅಣ್ಣಾ" ಅಂದ.

ನಲವತ್ತಮೂರು ದಿನದಿಂದ ಅಂಗಡಿಯಲ್ಲಿ ಒಂದು ತೊಟ್ಟು ಸ್ಪಿರಿಟ್ ಇರಲಿಲ್ಲ. ಆ ಹಳೆಯ ಸುಳ್ಳು, ಮೇಲೆ ಆ ನಗು. ದೊಡ್ಡ ಮೇಸ್ತ್ರಿಯ ಕೈ ತಾನಾಗಿಯೇ ಎದ್ದಿತು ಅಂತ ಅವನು ಆಮೇಲೆ ಎಲ್ಲರಿಗೂ ಹೇಳಿದ. ಕೈ ತಾನಾಗಿಯೇ ಏಳುವುದಿಲ್ಲ. ಅವನೇ ಎತ್ತಿದ, ಅವನೇ ಹೊಡೆದ. ಎರಡು ಏಟು. "ನನ್ನ ಮೂಗಿಗೆ ಮಣ್ಣು ಹಾಕ್ತೀಯಾ ಬೋಳೀಮಗನೇ? ಯಾವ ಕೆಲಸವೋ, ಯಾವ ಕೆಲಸ?" ತಮ್ಮ ಬಾಯಿ ತೆರೆದ, ಮುಚ್ಚಿದ. ಅಂಗಡಿಯ ಬೀಗದ ಕೈ ಅವನ ಜೇಬಿನಲ್ಲಿತ್ತು. ಅದನ್ನು ಅಣ್ಣನೇ ಕಿತ್ತುಕೊಂಡು, ಇನ್ನು ಈ ಬಾಗಿಲು ತುಳಿಯಬೇಡ ಅಂತ ಬೀದಿಗೆ ತಳ್ಳಿದ.

ಬೆಳಿಗ್ಗೆ ಬಸ್ ನಿಲ್ದಾಣದ ಬೆಂಚಿನ ಮೇಲೆ ಅವನ ಹೆಣ ಸಿಕ್ಕಿತು. ಕುಡಿದು, ವಾಂತಿ ಉಸಿರಿಗೆ ಸಿಕ್ಕಿ ಸತ್ತಿದ್ದಾನೆ ಅಂದರು ಡಾಕ್ಟರು. ಯಾವಾಗ ಕುಡಿದ ಅಂತ ಅವರನ್ನು ಯಾರೂ ಕೇಳಲಿಲ್ಲ.

ಸಾವಿನ ಮನೆಯಲ್ಲಿ ಜನ ಸೇರಿದ್ದಾಗ ದೊಡ್ಡ ಮೇಸ್ತ್ರಿ, "ನಾನು ಹೊಡೆದದ್ದು ಹೌದು. ಕುಡಿದು ಬಂದಿದ್ದ, ಹೊಡೆದೆ" ಅಂದ. ಆಗ ತಮ್ಮನ ಹೆಂಡತಿ ಮೂಲೆಯಿಂದ ಎದ್ದು ನಿಂತಳು. ಮದುವೆಯಾಗಿ ಬಂದಾಗಿನಿಂದ ಭಾವನ ಮುಂದೆ ಗಟ್ಟಿಯಾಗಿ ಮಾತಾಡಿದವಳಲ್ಲ.

"ಕುಡಿದು ಬಂದಿರ್ಲಿಲ್ಲ ಭಾವ. ನೀವು ಹೊಡೆದ ಮೇಲೆ ಹೋಗಿ ಕುಡಿದ್ರು."

"ನೀನು ನೋಡಿದ್ಯಾ?"

"ನೋಡಿಲ್ಲ. ಗೊತ್ತು."

"ಗೊತ್ತು ಅಂದ್ರೆ ಆಗಲ್ಲಮ್ಮ. ನಾನು ಮೂಸಿ ನೋಡಿದೀನಿ."

"ಹಾಗಿದ್ರೆ ಅವತ್ತು ಅವರ ಜೊತೆ ಮೀಟಿಂಗ್‌ನಲ್ಲಿ ಇದ್ದವರನ್ನ ಹೋಗಿ ಕೇಳಿ. ಮೊದಲೇ ಕುಡಿದಿದ್ರಾ, ಆಮೇಲಾ ಅಂತ ಕೇಳ್ಕೊಂಡು ಬನ್ನಿ. ಅಲ್ಲೀತನಕ ನನ್ನ ಬಾಗಿಲಿಗೆ ಬರಬೇಡಿ."

ಮೊದಲೇ ಕುಡಿದಿದ್ದರೆ, ಅವನು ಹೊಡೆದದ್ದು ಒಬ್ಬ ಕುಡುಕನನ್ನು. ಆಮೇಲೆ ಕುಡಿದಿದ್ದರೆ, ನಲವತ್ತಮೂರು ದಿನ ಕಷ್ಟಪಟ್ಟು ಎದ್ದು ನಿಂತವನನ್ನು ಅವನೇ ಕೈಯಾರೆ ಬೀಳಿಸಿದ. ಅದಕ್ಕೇ ದೊಡ್ಡ ಮೇಸ್ತ್ರಿ ಮೀಟಿಂಗ್ ಹುಡುಕಿಕೊಂಡು ಹೊರಟ. ಸುಳ್ಳು ಯಾಕೆ, ತಮ್ಮ ಕುಡಿದಿದ್ದ ಅಂತ ಯಾರಾದರೂ ಒಬ್ಬರು ಹೇಳಲಿ ಅನ್ನುವ ಆಸೆಯಿಂದಲೇ ಹೊರಟ.

ಶುಕ್ರವಾರ ಐದೂವರೆಗೆ ಸೈಕಲ್ ಅಂಗಡಿಯ ಪಕ್ಕದ ಮೆಟ್ಟಿಲು ಹತ್ತಿದ. ಮೇಲೆ ಎರಡು ಬಾಗಿಲು. ಒಂದರ ಒಳಗೆ ಏಳೆಂಟು ಜನ ಕುರ್ಚಿ ಹಾಕಿಕೊಂಡು ಜಗಳವಾಡುತ್ತಿದ್ದರು. ಒಬ್ಬ ಎದ್ದು ನಿಂತು ಬೆರಳು ತೋರಿಸುತ್ತಿದ್ದ. ಇನ್ನೊಬ್ಬನ ಕಣ್ಣು ಕೆಂಪಗಿತ್ತು. ಒಬ್ಬ ಹೆಂಗಸು, "ಇವರ ಮಾತಿಗೆ ಹಿಂದಿಲ್ಲ ಮುಂದಿಲ್ಲ!" ಅಂತ ಕಿರುಚುತ್ತಿದ್ದಳು. ತಾನು ಹುಡುಕುತ್ತಿದ್ದವರು ಇವರೇ ಅನ್ನುವುದರಲ್ಲಿ ದೊಡ್ಡ ಮೇಸ್ತ್ರಿಗೆ ಅನುಮಾನವೇ ಉಳಿಯಲಿಲ್ಲ. ಹೋಗಿ ಕೊನೆಯ ಕುರ್ಚಿಯಲ್ಲಿ ಕುಳಿತ. ಹತ್ತು ನಿಮಿಷ ಕೇಳಿಸಿಕೊಂಡ. ಎಲ್ಲರೂ ನೀರು, ನೀರು ಅನ್ನುತ್ತಿದ್ದರು. ಪಾಪ, ಬಿಟ್ಟ ಮೇಲೆ ನೀರನ್ನೇ ಕುಡಿಯುತ್ತಾರೇನೋ ಅಂದುಕೊಂಡ.

"ನೀವು ಯಾವ ಮನೆಯವರು?" ಅಂತ ಬೆರಳು ತೋರಿಸುತ್ತಿದ್ದವನು ಕೇಳಿದ.

"ನಾನು ಕುಡಿಯಲ್ಲ" ಅಂದ ದೊಡ್ಡ ಮೇಸ್ತ್ರಿ.

"ಕುಡಿಯೋದಿರ್ಲಿ ಸ್ವಾಮಿ, ನಮಗೆ ಸ್ನಾನಕ್ಕೇ ಇಲ್ಲ! ಮೇಲಿನ ಟ್ಯಾಂಕ್ ಸೋರುತ್ತೆ, ಕೆಳಗಿನ ಮನೆಯೋರು ಎಲ್ಲ ಎಳ್ಕೊಳ್ತಾರೆ."

ಅದು ಹಿಂದಿನ ಕಟ್ಟಡದ ಬಾಡಿಗೆದಾರರ ಸಭೆ. ಮುಖ ಒರೆಸಿಕೊಂಡು ಹೊರಗೆ ಬಂದವನಿಗೆ ಎದುರಿನ ಬಾಗಿಲಿನಿಂದ ಯಾರದೋ ಮೆಲ್ಲನೆಯ ಮಾತು ಕೇಳಿಸಿತು.

ಅದು ಹೊಲಿಗೆ ಕಲಿಸುವ ಕೋಣೆ. ಗೋಡೆಯುದ್ದಕ್ಕೂ ಹನ್ನೆರಡು ಹೊಲಿಗೆ ಯಂತ್ರ, ಒಂದೊಂದಕ್ಕೂ ಬಟ್ಟೆಯ ಮುಸುಕು. ನೆಲದಲ್ಲಿ ಗುಡಿಸಿ ಉಳಿದ ಚಿಂದಿ. ಯಂತ್ರಗಳ ಸ್ಟೂಲುಗಳನ್ನು ಸುತ್ತ ಹಾಕಿಕೊಂಡು ಆರು ಜನ ಕುಳಿತಿದ್ದರು. ಯಾರ ಕಣ್ಣೂ ಕೆಂಪಗಿರಲಿಲ್ಲ. ಕುತ್ತಿಗೆಯಲ್ಲಿ ಅಳತೆ ಪಟ್ಟಿ ನೇತುಹಾಕಿಕೊಂಡಿದ್ದ ಮುದುಕ ದರ್ಜಿ ಎದ್ದು ಬಂದ. ಕೋಣೆ ಅವನದೇ.

"ಬನ್ನಿ. ಮೊದಲ ಸಲವಾ?"

"ನಾನು ಕುಡುಕ ಅಲ್ಲ. ನನಗೆ ಒಂದೇ ಒಂದು ಉತ್ತರ ಬೇಕು. ಕೊಡಿ, ಹೊರಟುಹೋಗ್ತೀನಿ." ನಿಂತಲ್ಲೇ ಎಲ್ಲ ಹೇಳಿದ. ತಾನು ಯಾರ ಅಣ್ಣ, ಮೂರು ವಾರದ ಹಿಂದಿನ ಶುಕ್ರವಾರ ತಮ್ಮನ ಮೈಯಲ್ಲಿ ಯಾವ ವಾಸನೆ ಇತ್ತು, ತಾನು ಎರಡು ಏಟು ಹಾಕಿ ತಳ್ಳಿದ್ದು, ಬೆಳಿಗ್ಗೆ ಸಿಕ್ಕಿದ್ದು. "ಅವತ್ತು ಇಲ್ಲಿಂದ ಹೋಗುವಾಗ ಕುಡಿದಿದ್ನಾ, ಇಲ್ವಾ? ಹೌದು ಅನ್ನಿ, ಇಲ್ಲ ಅನ್ನಿ."

ಬಾಗಿಲ ಹತ್ತಿರ ಕುಳಿತಿದ್ದ ಕಂಡಕ್ಟರ್ ತಲೆ ತಗ್ಗಿಸಿದ. ಕೆಲಸದಿಂದ ನೇರವಾಗಿ ಬಂದಿದ್ದ. ಟಿಕೆಟ್ ಚೀಲ ಇನ್ನೂ ಹೆಗಲ ಮೇಲಿತ್ತು.

"ಇಲ್ಲಿ ಒಬ್ಬರು ಇನ್ನೊಬ್ಬರ ವಿಷಯ ಮಾತಾಡೋ ಹಾಗಿಲ್ಲಪ್ಪ" ಅಂದ ದರ್ಜಿ. "ಇದೊಂದೇ ನಮ್ಮ ಕಟ್ಟು. ಬದುಕಿರೋರದ್ದೂ ಇಲ್ಲ, ಸತ್ತೋರದ್ದೂ ಇಲ್ಲ. ಅವರವರದ್ದು ಮಾತ್ರ ಅವರವರು ಹೇಳ್ಕೋಬೇಕು."

"ಸತ್ತವನು ಬಂದು ಹೇಳ್ತಾನೇನ್ರೀ?" ದೊಡ್ಡ ಮೇಸ್ತ್ರಿ ಮುಂದಿದ್ದ ಸ್ಟೂಲನ್ನು ಒದ್ದ. ಅದು ಉರುಳಿ ಗೋಡೆಗೆ ಬಡಿಯಿತು. "ನನ್ನ ತಮ್ಮ! ಒಂದೇ ಹೊಟ್ಟೇಲಿ ಹುಟ್ಟಿದವನು! ನಿಮ್ಮ ಕಟ್ಟು ಕಟ್ಕೊಂಡು ನಾನೇನು ಮಾಡ್ಲಿ?"

"ಮುಗೀತಾ?" ಅಂದಳು ಒಬ್ಬ ನರ್ಸಮ್ಮ. "ಸ್ಟೂಲ್ ಎತ್ತಿಡಿ, ಕೂತ್ಕೊಳ್ಳಿ. ಮೊದಲ ದಿನ ನಾನೂ ಒದ್ದಿದ್ದೆ. ನಾನು ಹೊಲಿಗೆ ಯಂತ್ರಕ್ಕೇ ಒದ್ದೆ, ಕಾಲು ಬೆರಳು ಮುರೀತು."

ಯಾರೋ ನಕ್ಕರು. ದೊಡ್ಡ ಮೇಸ್ತ್ರಿ ಬಗ್ಗಿ ಸ್ಟೂಲ್ ಎತ್ತಿದ. ಎತ್ತಿದವನು ಹಾಗೇ ನಿಂತ. ಅದರ ಒಂದು ಕಾಲು ಹೊಸದು. ಕೂಡಿಸಿದ್ದ ಸಂದು ಒರಟು, ಬಡಗಿ ಕೆಲಸ ಬಾರದವನ ಕೈ. ಆದರೆ ಉಳಿದ ಮೂರು ಹಳೆಯ ಕಾಲಿನ ಬಣ್ಣಕ್ಕೆ ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲದ ಹಾಗೆ ಎಣ್ಣೆ ಪಾಲಿಶ್. ಆ ಬಣ್ಣ ಹೊಂದಿಸುವವನು ಈ ಊರಲ್ಲಿ ಒಬ್ಬನೇ ಇದ್ದ. ದೊಡ್ಡ ಮೇಸ್ತ್ರಿ ಸ್ಟೂಲನ್ನು ನೆಲಕ್ಕಿಟ್ಟು ಕುಳಿತ. ಹೊರಡಬೇಕು ಅನ್ನಿಸಿದರೂ ಕಾಲು ಏಳಲಿಲ್ಲ.

ಅವರು ಮಾತು ಶುರು ಮಾಡಿದರು. ಪ್ರತಿಯೊಬ್ಬರೂ, "ನಾನು ಕುಡುಕ, ಇವತ್ತು ಕುಡಿದಿಲ್ಲ" ಅಂತಲೇ ಆರಂಭಿಸುತ್ತಿದ್ದರು. ಬಿಟ್ಟಿದ್ದೇನೆ ಅಂತ ಒಬ್ಬರೂ ಅನ್ನಲಿಲ್ಲ. ನರ್ಸಮ್ಮ ವಾರ್ಡಿನಲ್ಲಿ ಗಾಯ ಒರೆಸುವ ಸ್ಪಿರಿಟ್ ಬಾಟಲಿಯ ಮುಂದೆ ನಿಂತು ಹೋದ ವಾರ ತನಗೆ ಬೆವರು ಬಂದದ್ದನ್ನು ಹೇಳಿದಳು. ದರ್ಜಿ ಹನ್ನೊಂದು ವರ್ಷದ ಹಿಂದೆ ಮಗಳ ಮದುವೆಯ ಬಟ್ಟೆಯನ್ನು ಅಳತೆ ತಪ್ಪಿ ಕತ್ತರಿಸಿ, ಅದನ್ನು ಮುಚ್ಚಿಡಲು ಮತ್ತೆ ಕುಡಿದದ್ದನ್ನು ಹೇಳಿದ. ಮಗಳು ಇವತ್ತಿಗೂ ಅವನು ಹೊಲಿದದ್ದನ್ನು ಉಡುವುದಿಲ್ಲವಂತೆ. ಯಾರೂ ಪಾಪ ಅನ್ನಲಿಲ್ಲ, ಬುದ್ಧಿ ಹೇಳಲಿಲ್ಲ.

ಕಂಡಕ್ಟರನ ಸರದಿ ಬಂತು. ಅವನು ಬಹಳ ಹೊತ್ತು ಚೀಲದ ಪಟ್ಟಿ ತಿರುವುತ್ತಾ ಕುಳಿತ.

"ನಾನು ಕುಡುಕ. ಇವತ್ತು ಕುಡಿದಿಲ್ಲ. ಕುಡಿದು ಇವತ್ತಿಗೆ ಇಪ್ಪತ್ತೊಂದು ದಿನ."

ಇಪ್ಪತ್ತೊಂದು ದಿನ. ದೊಡ್ಡ ಮೇಸ್ತ್ರಿ ಬೆರಳು ಮಡಚದೆಯೇ ಲೆಕ್ಕ ಹಾಕಿದ.

"ಅವತ್ತು ಮೀಟಿಂಗಿಗೆ ನಾನು ಕುಡಿದೇ ಬಂದೆ. ಜೇಬಲ್ಲಿ ಇನ್ನೊಂದು ಬಾಟ್ಲಿ ಬೇರೆ ಇತ್ತು. ಮೆಟ್ಟಿಲು ಇಳಿಯೋಕೆ ಆಗ್ಲಿಲ್ಲ. ಹಾಗೇ ಬಿಟ್ರೆ ಡಿಪೋ ಕಡೆ ಹೋಗಿ ಕೆಲಸ ಕಳ್ಕೋತಿದ್ದೆ, ಇಲ್ಲ ಬಸ್ ಕೆಳಗೆ ಬೀಳ್ತಿದ್ದೆ. ಬಿದ್ದವನನ್ನ ಮನೆ ಸೇರಿಸೋದನ್ನ ನಾವು ಇಲ್ಲಿ ಕೆಲಸ ಅಂತೀವಿ. ಯಾರಿಗೆ ಕೆಲಸ ಬಂತು ಅಂತ ಕೇಳ್ತೀವಿ. ಅವತ್ತು ಒಬ್ಬರು, ನನಗಿರ್ಲಿ ಈ ಕೆಲಸ ಅಂದ್ರು. ನನ್ನ ತೋಳು ಅವರ ಕುತ್ತಿಗೆಗೆ ಹಾಕ್ಕೊಂಡು ನಡೆಸ್ಕೊಂಡು ಹೋದ್ರು. ದಾರೀಲಿ ಬಾಟ್ಲಿ ಕಿತ್ಕೊಳ್ಳೋಕೆ ಬಂದ್ರು, ನಾನು ಬಿಡ್ಲಿಲ್ಲ. ಎಳೆದಾಟದಲ್ಲಿ ಅದು ಅವರ ಎದೆ ಮೇಲೆ ಒಡೆದು ಹೋಯ್ತು. ಅದರ ಮೇಲೆ ನಾನು ವಾಂತಿ ಮಾಡ್ಕೊಂಡೆ, ಅವರ ಮೇಲೇ."

ಕಂಡಕ್ಟರ್ ದೊಡ್ಡ ಮೇಸ್ತ್ರಿಯ ಕಡೆ ನೋಡಲಿಲ್ಲ.

"ಮನೆ ಮುಟ್ಟಿದಾಗ ಏಳೂವರೆ. ನನ್ನ ಹೆಂಡತಿ ನೀರು ಕೊಟ್ಟಳು, ತೊಳ್ಕೊಂಡ್ರು. ನನ್ನ ಅಂಗಿ ಹಾಕ್ಕೊಂಡು ಹೋಗಿ ಅಂದಳು. ಬೇಡಮ್ಮ, ತಡ ಆಗುತ್ತೆ, ಅಣ್ಣ ಕಾಯ್ತಿರ್ತಾನೆ ಅಂದ್ರು. ಈ ವಾಸನೆಗೆ ಮನೇಲಿ ಏನು ಹೇಳ್ತೀರಿ ಅಂತ ಅವಳು ಕೇಳಿದ್ಳು. ಅವರು ನಕ್ಕರು. ಕೆಲಸದ ವಾಸನೆ ಅಂತೀನಿ, ಇಪ್ಪತ್ತು ವರ್ಷ ಆ ಮಾತನ್ನ ಸುಳ್ಳು ಹೇಳಿದೀನಿ, ಇವತ್ತೊಂದು ದಿನ ನಿಜ ಹೇಳ್ತೀನಿ ಅಂದ್ರು." ಅವನು ಚೀಲದ ಪಟ್ಟಿ ಕೈಬಿಟ್ಟ. "ಅವರು ಅಂಗಡಿ ಮುಟ್ಟಿದ ಮೇಲೆ ಏನಾಯ್ತು ಅಂತ ನನಗೆ ಇವತ್ತಿನ ತನಕ ಗೊತ್ತಿರ್ಲಿಲ್ಲ. ಅಷ್ಟೇ ನಂದು."

ಕೋಣೆಯಲ್ಲಿ ಎದುರಿನ ಬಾಡಿಗೆದಾರರ ಜಗಳ ಮಾತ್ರ ಕೇಳಿಸುತ್ತಿತ್ತು. ಏಳೂವರೆಗೆ ಕಂಡಕ್ಟರನ ಮನೆಯಲ್ಲಿದ್ದವನು ಎಂಟಕ್ಕೆ ಅಂಗಡಿಯಲ್ಲಿದ್ದ. ಅರ್ಧ ಗಂಟೆಯ ದಾರಿ, ಓಡಿಕೊಂಡೇ ಬಂದಿದ್ದ. ಕುಡಿಯಲು ಎಲ್ಲಿಯ ಹೊತ್ತು?

ದೊಡ್ಡ ಮೇಸ್ತ್ರಿಯ ಮುಷ್ಟಿ ಬಿಗಿಯಿತು. ಇಗೋ, ಈ ಮನುಷ್ಯನೇ! ಇವನು ಕುಡಿಯದಿದ್ದರೆ, ಇವನು ವಾಂತಿ ಮಾಡದಿದ್ದರೆ! ಒಂದೇ ಹೆಜ್ಜೆ, ಕುತ್ತಿಗೆಪಟ್ಟಿ ಕೈಗೆ ಸಿಗುತ್ತಿತ್ತು. ಆದರೆ ಕಂಡಕ್ಟರ್ ಏಟಿಗೆ ಕಾದವನ ಹಾಗೆ ಕಣ್ಣು ಮುಚ್ಚಿ ಕುಳಿತಿದ್ದ. ಬಾಯಿ ಬಿಡದಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ. ತಿಳಿದೂ ಬಾಯಿ ಬಿಟ್ಟಿದ್ದ. ಮುಷ್ಟಿ ಹಾಗೇ ಸಡಿಲವಾಯಿತು.

"ನೀವು ಏನಾದ್ರೂ ಹೇಳೋದಿದ್ರೆ ಹೇಳಿ" ಅಂದ ದರ್ಜಿ. "ಇಲ್ದಿದ್ರೆ ಸುಮ್ನೆ ಕೂತಿರಿ, ತಪ್ಪಿಲ್ಲ."

"ನಾನು ಕುಡಿಯಲ್ಲ" ಅಂದ ದೊಡ್ಡ ಮೇಸ್ತ್ರಿ. "ನೀವೆಲ್ಲ ಏನೇನೋ ಮಾಡಿದೀರಿ, ಅಮಲಲ್ಲಿ ಮಾಡಿದೆ ಅಂತಾದ್ರೂ ಹೇಳ್ಕೋಬಹುದು. ನಾನು ಅವತ್ತು ಪೂರ್ತಿ ಎಚ್ಚರವಾಗಿದ್ದೆ. ಎಚ್ಚರವಾಗಿದ್ದೇ ಹೊಡೆದೆ."

ಅವನಿಗೂ ಯಾರೂ ಪಾಪ ಅನ್ನಲಿಲ್ಲ.

ಹೊರಡುವಾಗ ದರ್ಜಿ ಮೆಟ್ಟಿಲವರೆಗೆ ಬಂದ. "ಇಲ್ಲಿ ಕೇಳಿದ್ದು ಇಲ್ಲೇ ಇರಬೇಕು. ಹೊರಗೆ ಹೋದ್ರೆ ಒಬ್ಬ ಮನುಷ್ಯನ ಅನ್ನ ಹೋಗುತ್ತೆ. ಡಿಪೋದಲ್ಲಿ ಈಗಾಗ್ಲೇ ಒಂದು ಸಲ ಎಚ್ಚರಿಕೆ ಕೊಟ್ಟಿದ್ದಾರೆ."

"ಹಾಗಾದ್ರೆ ಅವಳಿಗೆ ನಾನು ಏನು ಹೇಳ್ಲಿ?"

"ನಿಮ್ಮದು ಏನಿದೆಯೋ ಅದನ್ನ ಹೇಳಿ."

ತಮ್ಮನ ಮನೆ ಎರಡು ಬೀದಿ ಆಚೆ. ಅವನ ಹೆಂಡತಿ ಆಸ್ಪತ್ರೆಯಲ್ಲಿ ಹಾಸಿಗೆ ಬಟ್ಟೆ ಒಗೆಯುವ ಕೆಲಸದವಳು. ಆಗಷ್ಟೇ ಬಂದಿದ್ದಳು. ಬಾಗಿಲು ತೆರೆದವಳ ಕೈಬೆರಳುಗಳು ಸೋಪಿನ ನೀರಿಗೆ ಬಿಳಿಯಾಗಿ ಸುಕ್ಕುಗಟ್ಟಿದ್ದವು. ಹೊಸ್ತಿಲಿನ ಒಳಗೆ ಅವಳು, ಹೊರಗೆ ಅವನು.

"ಉತ್ತರ ಸಿಕ್ತಾ ಭಾವ?"

"ಸಿಕ್ತು. ಅವನು ಕುಡಿದಿರ್ಲಿಲ್ಲ ಕಣಮ್ಮ."

ಅವಳ ಕೈ ಬಾಗಿಲ ಚೌಕಟ್ಟನ್ನು ಹಿಡಿದುಕೊಂಡಿತು. "ಯಾರು ಹೇಳಿದ್ರು?"

ದೊಡ್ಡ ಮೇಸ್ತ್ರಿಯ ಬಾಯಿ ತೆರೆಯಿತು. ನಾಲಿಗೆ ತುದಿಯಲ್ಲೇ ಎಲ್ಲ ಇತ್ತು: ಚೀಲ, ಬಾಟಲಿ, ಅಂಗಿ, ಏಳೂವರೆ. ಜೀವನವಿಡೀ ಬಾಯಿಗೆ ಬಂದದ್ದನ್ನು ತಡೆದವನಲ್ಲ ಅವನು. ಬಾಯಿ ಮುಚ್ಚಿದ.

"ಅದನ್ನ ಹೇಳೋ ಹಾಗಿಲ್ಲಮ್ಮ."

"ಮತ್ತೆ ಆ ವಾಸನೆ?"

"ಇತ್ತು. ಅವನದಲ್ಲ."

"ಇನ್ಯಾರದ್ದು?"

ಅವನು ತಲೆ ಅಲ್ಲಾಡಿಸಿದ.

ಅವಳು ಅವನನ್ನೇ ನೋಡಿದಳು. ಕಣ್ಣಲ್ಲಿ ನೀರಿರಲಿಲ್ಲ. "ನಾನು ಹೇಳಿದಾಗ ನೋಡಿದ್ಯಾ ಅಂತ ಕೇಳಿದ್ರಿ. ಈಗ ನೀವು ಹೆಸರಿಲ್ಲ, ಗುರುತಿಲ್ಲ, ಬರೀ ನಂಬು ಅಂತೀರಿ."

"ಹೌದಮ್ಮ. ನನ್ನ ಹತ್ರ ಬೇರೆ ಏನೂ ಇಲ್ಲ."

"ನಿಜ ಹೇಳಿ ಭಾವ. ನನ್ನ ಸಮಾಧಾನಕ್ಕೆ ಕಟ್ಟಿ ಹೇಳ್ತಿಲ್ಲ ತಾನೇ?" ಅವಳ ದನಿ ಇದ್ದಕ್ಕಿದ್ದಂತೆ ಚಿಕ್ಕದಾಯಿತು. "ಗೊತ್ತು ಅಂತ ಎಲ್ಲರ ಮುಂದೆ ಗಟ್ಟಿಯಾಗಿ ಹೇಳಿಬಿಟ್ಟೆ. ನನಗೂ ಗೊತ್ತಿರ್ಲಿಲ್ಲ. ಬಟ್ಟೆ ಒಗೆಯುವಾಗ ಒಬ್ಬಳೇ ಇರ್ತೀನಲ್ಲ, ಕುಡಿದೇ ಬಂದಿರಬೇಕು, ಮತ್ತೆ ಮೋಸ ಮಾಡಿರಬೇಕು ಅಂತ ಅನ್ನಿಸೋದು. ಹಾಗೆ ಅನ್ನಿಸಿದಾಗೆಲ್ಲ ಅವರನ್ನ ಬೈದಿದೀನಿ. ಸತ್ತವರನ್ನ ಬೈದಿದೀನಿ ಭಾವ."

"ಕಟ್ಟಿ ಹೇಳೋ ಬುದ್ಧಿ ಇದ್ದಿದ್ರೆ ನಾನು ಹೀಗಿರ್ತಿದ್ನಾ?" ಅಂದ ಅವನು. "ಅವನು ನಿಜವೇ ಹೇಳಿದ್ದಮ್ಮ. ನನಗೆ ಕೇಳಿಸ್ಕೊಳ್ಳೋಕೆ ಬರ್ಲಿಲ್ಲ."

ಅವಳು ಅವನ ಮುಖವನ್ನು ಹುಡುಕುತ್ತಾ ನಿಂತಳು. ಕಣ್ಣು, ಬಾಯಿ, ಮತ್ತೆ ಕಣ್ಣು. ಒಂದು ನಿಮಿಷ ತಾನೂ ತಮ್ಮನ ಮುಖವನ್ನು ಹೀಗೆ ನೋಡಿದ್ದರೆ ಸಾಕಿತ್ತು ಅಂತ ದೊಡ್ಡ ಮೇಸ್ತ್ರಿಗೆ ಅನ್ನಿಸಿತು. ಅವಳಿಗೆ ಅಲ್ಲಿ ಏನು ಸಿಕ್ಕಿತೋ, ಏನು ಸಿಗಲಿಲ್ಲವೋ. ಸುಕ್ಕುಗಟ್ಟಿದ ಬೆರಳುಗಳಿಂದ ಬಾಯಿ ಮುಚ್ಚಿಕೊಂಡು, ಇಪ್ಪತ್ತು ದಿನದ ಅಳುವನ್ನು ಒಮ್ಮೆಗೇ ಅತ್ತಳು.

ಅತ್ತು ಮುಗಿದ ಮೇಲೆ, "ಒಳಗೆ ಬನ್ನಿ" ಅಂತ ಹೇಳಿ ಬಾಗಿಲು ಬಿಟ್ಟು ಸರಿದಳು.

ಬಾಗಿಲು ಪೂರ್ತಿ ತೆರೆದಿತ್ತು. ಅವನು ಹೊಸ್ತಿಲಿನ ಹೊರಗೆ ನಿಂತೇ ಇದ್ದ.